ಅಂಕಪಟ್ಟಿಯಾಚೆಗಿನ ಎಂಜಿನಿಯರ್: ಪಠ್ಯಕ್ರಮ ಬದಲಾದರೆ ಸಾಲದು, ಪಾಠವೂ ಬದಲಾಗಬೇಕು

ಪ್ರತಿ ವರ್ಷ ಸಿಇಟಿ ಫಲಿತಾಂಶ ಪ್ರಕಟವಾಗುತ್ತಿದ್ದಂತೆಯೇ ರಾಜ್ಯದ ಸಹಸ್ರಾರು ಮನೆಗಳಲ್ಲಿ ಲೆಕ್ಕಾಚಾರ ಆರಂಭವಾಗುತ್ತದೆ. ಯಾವ ಕಾಲೇಜು, ಯಾವ ಶಾಖೆ, ಶುಲ್ಕವೆಷ್ಟು, ಹಾಸ್ಟೆಲ್ ಹೇಗಿದೆ, ಕ್ಯಾಂಪಸ್ ಸಂದರ್ಶನಕ್ಕೆ ಯಾವ ಕಂಪೆನಿಗಳು ಬರುತ್ತವೆ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಲು ಪೋಷಕರು ಹಗಲಿರುಳು ಓಡಾಡುತ್ತಾರೆ. ಆದರೆ ಆ ಕಾಲೇಜಿನ ತರಗತಿಯಲ್ಲಿ ಪಾಠ ಹೇಗೆ ನಡೆಯುತ್ತದೆ, ನಾಲ್ಕು ವರ್ಷಗಳ ನಂತರ ವಿದ್ಯಾರ್ಥಿ ಸ್ವತಂತ್ರವಾಗಿ ಏನನ್ನು ಮಾಡಬಲ್ಲವನಾಗುತ್ತಾನೆ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಜೀವಮಾನದ ಉಳಿತಾಯವನ್ನು ಅಥವಾ ಬ್ಯಾಂಕಿನ ಸಾಲವನ್ನು ಮಕ್ಕಳ ಓದಿಗೆಂದು ಸುರಿಯುವ ಕುಟುಂಬಗಳ ಪಾಲಿಗೆ ಕೊನೆಗೆ ಮುಖ್ಯವಾಗುವುದು ಈ ಪ್ರಶ್ನೆಯೇ.

ಕುತೂಹಲದ ಸಂಗತಿಯೆಂದರೆ, ಕಳೆದ ಮೂರು ದಶಕಗಳಲ್ಲಿ ಜಗತ್ತಿನ ತಾಂತ್ರಿಕ ಶಿಕ್ಷಣ ಕ್ಷೇತ್ರವನ್ನು ಬಹುವಾಗಿ ಕಾಡಿರುವುದೂ ಇದೇ ಪ್ರಶ್ನೆ. ‘ಏನನ್ನು ಬೋಧಿಸಲಾಯಿತು’ ಎಂಬುದರ ಬದಲು ‘ವಿದ್ಯಾರ್ಥಿ ಏನನ್ನು ಕಲಿತ’ ಎಂಬುದನ್ನು ಅಳತೆಗೋಲಾಗಿಸುವ ಪ್ರಯತ್ನ ಅಮೆರಿಕ, ಯುರೋಪುಗಳಲ್ಲಿ ಆರಂಭವಾಗಿ, ಭಾರತವನ್ನೂ ಕರ್ನಾಟಕದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮವನ್ನೂ ತಲುಪಿದೆ. ಕಾಗದದ ಮೇಲೆ ಬದಲಾವಣೆ ದೊಡ್ಡದೇ. ಅದು ತರಗತಿಯ ಬಾಗಿಲನ್ನು ದಾಟಿ ಒಳಹೊಕ್ಕಿದೆಯೇ ಎಂಬುದು ಬೇರೆಯದೇ ಪ್ರಶ್ನೆ.

ಕಾರ್ಯಾಗಾರದಿಂದ ಕರಿಹಲಗೆಗೆ

ಭಾರತದಲ್ಲಿ ಎಂಜಿನಿಯರಿಂಗ್ ಶಿಕ್ಷಣ ಹುಟ್ಟಿದ್ದೇ ಕೆಲಸದ ಅಗತ್ಯದಿಂದ. 1847ರಲ್ಲಿ ರೂರ್ಕಿಯಲ್ಲಿ ಕಾಲೇಜು ಆರಂಭವಾದದ್ದು ಗಂಗಾ ಕಾಲುವೆಯಂತಹ ನೀರಾವರಿ ಕಾಮಗಾರಿಗಳಿಗೆ ತರಬೇತಿ ಪಡೆದ ಜನ ಬೇಕಾಗಿದ್ದರೆಂಬ ಕಾರಣಕ್ಕೆ. ಮೈಸೂರು ಸಂಸ್ಥಾನದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1917ರಲ್ಲಿ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಸ್ಥಾಪನೆಯಾಯಿತು. ಆ ಕಾಲದ ಎಂಜಿನಿಯರಿಂಗ್ ಕಲಿಕೆಯಲ್ಲಿ ನಕ್ಷೆ ಬರೆಯುವುದು, ಮೋಜಣಿ ಮಾಡುವುದು, ಕಾರ್ಯಾಗಾರದಲ್ಲಿ ಲೋಹವನ್ನು ಉಜ್ಜಿ ಅಳತೆಗೆ ತರುವುದು ಇವೆಲ್ಲ ಪ್ರಧಾನ ಅಂಗಗಳಾಗಿದ್ದವು. ಕೈಗೆ ಕೆಲಸ, ಕಣ್ಣಿಗೆ ಅಳತೆ ಎಂಬುದು ಅಂದಿನ ಪದ್ಧತಿ.

ಎರಡನೇ ಮಹಾಯುದ್ಧದ ನಂತರ ಚಿತ್ರ ಬದಲಾಯಿತು. ರೇಡಾರ್, ಜೆಟ್ ಎಂಜಿನ್, ಪರಮಾಣು ಶಕ್ತಿಗಳ ಹಿಂದಿದ್ದ ಭೌತವಿಜ್ಞಾನ ಮತ್ತು ಗಣಿತದ ಪಾತ್ರವನ್ನು ಕಂಡ ಅಮೆರಿಕದ ತಜ್ಞರು, ಎಂಜಿನಿಯರುಗಳಿಗೆ ಇನ್ನಷ್ಟು ವಿಜ್ಞಾನ ಬೇಕೆಂಬ ನಿಲುವಿಗೆ ಬಂದರು. 1955ರಲ್ಲಿ ಪ್ರಕಟವಾದ ಗ್ರಿಂಟರ್ ಸಮಿತಿಯ ವರದಿ ಈ ನಿಲುವಿಗೆ ಅಧಿಕೃತ ರೂಪ ನೀಡಿತು. ಎರಡೇ ವರ್ಷಗಳಲ್ಲಿ, 1957ರಲ್ಲಿ, ಸೋವಿಯತ್ ಒಕ್ಕೂಟದ ಸ್ಪುಟ್ನಿಕ್ ಬಾನಿಗೇರಿದಾಗ ವಿಜ್ಞಾನದ ಕಡೆಗಿನ ಓಟ ಮತ್ತಷ್ಟು ಬಿರುಸಾಯಿತು. ಭಾರತದಲ್ಲಿ 1951ರಲ್ಲಿ ಖರಗ್‌ಪುರದಲ್ಲಿ ಮೊದಲ ಐಐಟಿ ಆರಂಭವಾಗಿತ್ತು. ಕಾನ್ಪುರದ ಐಐಟಿಗೆ 1962ರಿಂದ 1972ರವರೆಗೆ ಅಮೆರಿಕದ ಒಂಬತ್ತು ವಿಶ್ವವಿದ್ಯಾಲಯ ಮತ್ತು ಸಂಸ್ಥೆಗಳ ಒಕ್ಕೂಟ ನೆರವು ನೀಡಿತು. ವಿಜ್ಞಾನ ಪ್ರಧಾನವಾದ ಪಠ್ಯಕ್ರಮ ಹೀಗೆ ನಮ್ಮಲ್ಲಿಯೂ ಬೇರೂರಿತು.

ಇದರಿಂದ ಲಾಭವಾಗಲಿಲ್ಲವೆಂದಲ್ಲ. ವಿಶ್ಲೇಷಣೆಯ ಶಕ್ತಿ ಹೆಚ್ಚಿತು, ಸಂಶೋಧನೆಗೆ ದಾರಿಯಾಯಿತು. ಆದರೆ ವಿನ್ಯಾಸ, ತಯಾರಿಕೆ, ತಂಡದಲ್ಲಿ ದುಡಿಯುವ ಕಲೆ, ಬೇರೆಯವರಿಗೆ ಅರ್ಥವಾಗುವಂತೆ ವಿವರಿಸುವ ಸಾಮರ್ಥ್ಯ ಇವು ಪಠ್ಯಕ್ರಮದ ಅಂಚಿಗೆ ಸರಿದವು. ಮೊದಲ ವರ್ಷ ಗಣಿತ, ಭೌತವಿಜ್ಞಾನ. ನಂತರ ಸಿದ್ಧಾಂತಗಳ ಮೇಲೆ ಸಿದ್ಧಾಂತ. ಕೊನೆಯ ಸೆಮಿಸ್ಟರಿನಲ್ಲಿ ಒಂದು ಪ್ರಾಜೆಕ್ಟ್. ಈಜಿನ ಸಿದ್ಧಾಂತವನ್ನು ಮೂರೂವರೆ ವರ್ಷ ದಡದಲ್ಲಿ ಕೂಡಿಸಿ ಬೋಧಿಸಿ, ಕೊನೆಯ ಆರು ತಿಂಗಳಲ್ಲಿ ಕೆರೆಗೆ ಇಳಿಸಿದಂತೆ ಇದು.

ವಾಷಿಂಗ್ಟನ್ ಒಪ್ಪಂದ ತಂದ ತಿರುವು

ಒಂದು ದೇಶದ ಎಂಜಿನಿಯರಿಂಗ್ ಪದವಿಯನ್ನು ಇನ್ನೊಂದು ದೇಶ ಮಾನ್ಯ ಮಾಡುವುದು ಹೇಗೆ? ಈ ವ್ಯಾವಹಾರಿಕ ಪ್ರಶ್ನೆಯಿಂದ 1989ರಲ್ಲಿ ವಾಷಿಂಗ್ಟನ್ ಒಪ್ಪಂದ ರೂಪುಗೊಂಡಿತು. ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ದೇಶಗಳ ಮಾನ್ಯತಾ ಸಂಸ್ಥೆಗಳು ಇದರ ಮೊದಲ ಸದಸ್ಯರು. ಪ್ರತಿ ದೇಶದ ಪಠ್ಯಕ್ರಮ ಬೇರೆ ಬೇರೆಯಾಗಿರುವುದರಿಂದ ವಿಷಯಗಳ ಪಟ್ಟಿಯನ್ನು ಹೋಲಿಸುವುದು ಕಷ್ಟ. ಪದವೀಧರನಲ್ಲಿ ಇರಬೇಕಾದ ಸಾಮರ್ಥ್ಯಗಳನ್ನು ಹೋಲಿಸುವುದೇ ಸರಿಯಾದ ದಾರಿಯೆಂಬ ಒಮ್ಮತ ಕ್ರಮೇಣ ಮೂಡಿತು. ಅಮೆರಿಕದ ಮಾನ್ಯತಾ ಸಂಸ್ಥೆಯಾದ ‘ಅಬೆಟ್’ 1990ರ ದಶಕದ ಉತ್ತರಾರ್ಧದಲ್ಲಿ ತನ್ನ ಮಾನದಂಡಗಳನ್ನು ಈ ದೃಷ್ಟಿಯಿಂದ ಪುನಃ ರೂಪಿಸಿತು.

ಭಾರತದಲ್ಲಿ ಈ ಹೊಣೆ ರಾಷ್ಟ್ರೀಯ ಮಾನ್ಯತಾ ಮಂಡಳಿಯದು, ಅಂದರೆ ಎನ್‌ಬಿಎಯದು. 1994ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ (ಎಐಸಿಟಿಇ) ಅಂಗವಾಗಿ ಹುಟ್ಟಿದ ಈ ಮಂಡಳಿ 2010ರಲ್ಲಿ ಸ್ವಾಯತ್ತವಾಯಿತು. 2007ರಲ್ಲಿ ತಾತ್ಕಾಲಿಕ ಸದಸ್ಯತ್ವ ಪಡೆದಿದ್ದ ಭಾರತ, 2014ರ ಜೂನ್ ತಿಂಗಳಿನಲ್ಲಿ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯ ರಾಷ್ಟ್ರವಾಯಿತು.

ಇಲ್ಲಿ ಪೋಷಕರು ತಿಳಿದಿರಬೇಕಾದ ಎರಡು ಸೂಕ್ಷ್ಮಗಳಿವೆ. ಮೊದಲನೆಯದು, ಎನ್‌ಬಿಎ ಮಾನ್ಯತೆ ದೊರೆಯುವುದು ಇಡೀ ಕಾಲೇಜಿಗಲ್ಲ, ನಿರ್ದಿಷ್ಟ ಶಾಖೆಗೆ ಮತ್ತು ನಿರ್ದಿಷ್ಟ ಅವಧಿಗೆ. ಒಂದೇ ಕಾಲೇಜಿನ ಸಿವಿಲ್ ಶಾಖೆಗೆ ಮಾನ್ಯತೆ ಇದ್ದು ಇನ್ನೊಂದು ಶಾಖೆಗೆ ಇಲ್ಲದಿರುವುದು ಸಾಧ್ಯ. ಎರಡನೆಯದು, ಮಾನ್ಯತೆಯಲ್ಲಿ ಎರಡು ಶ್ರೇಣಿಗಳಿವೆ. ಸ್ವಾಯತ್ತ ಕಾಲೇಜುಗಳು ಮತ್ತು ವಿಶ್ವವಿದ್ಯಾಲಯಗಳು ಒಂದನೇ ಶ್ರೇಣಿಗೆ ಸೇರುತ್ತವೆ. ಸಂಯೋಜಿತ ಕಾಲೇಜುಗಳು ಎರಡನೇ ಶ್ರೇಣಿಗೆ. ವಾಷಿಂಗ್ಟನ್ ಒಪ್ಪಂದದ ಮನ್ನಣೆ ಒಂದನೇ ಶ್ರೇಣಿಯ ಮಾನ್ಯತೆ ಪಡೆದ ಕೋರ್ಸುಗಳಿಗೆ ಮಾತ್ರ ಅನ್ವಯಿಸುತ್ತದೆ. ಜಾಹೀರಾತಿನಲ್ಲಿ ‘ಎನ್‌ಬಿಎ ಮಾನ್ಯತೆ’ ಎಂದು ದಪ್ಪಕ್ಷರಗಳಲ್ಲಿ ಕಂಡಾಗ ಯಾವ ಶಾಖೆ, ಯಾವ ಶ್ರೇಣಿ, ಯಾವ ವರ್ಷದವರೆಗೆ ಎಂದು ಕೇಳುವುದು ಜಾಣತನ.

ತೊಲೆಯ ಉದಾಹರಣೆ

ಫಲಿತಾಂಶ ಆಧಾರಿತ ಶಿಕ್ಷಣ ಎಂಬ ಪದಪುಂಜ ಭಾರವಾಗಿ ಕೇಳಿಸಿದರೂ ಅದರ ತಿರುಳು ಸರಳ. ಸಿವಿಲ್ ಅಥವಾ ಮೆಕ್ಯಾನಿಕಲ್ ವಿದ್ಯಾರ್ಥಿಗಳೆಲ್ಲ ಓದುವ ತೊಲೆಯ ಪಾಠವನ್ನೇ ತೆಗೆದುಕೊಳ್ಳಬಹುದು. ಹಳೆಯ ಪಠ್ಯಕ್ರಮದಲ್ಲಿ ‘ತೊಲೆಗಳು, ಬಾಗುವಿಕೆ, ಕತ್ತರಿ ಬಲದ ರೇಖಾಚಿತ್ರಗಳು, 8 ಗಂಟೆ’ ಎಂದಿರುತ್ತಿತ್ತು. ಉಪನ್ಯಾಸಕರು ಎಂಟು ಗಂಟೆ ಪಾಠ ಮಾಡಿ ಮುಗಿಸಿದರೆ ಅಲ್ಲಿಗೆ ಕರ್ತವ್ಯ ಮುಗಿಯುತ್ತಿತ್ತು.

ಹೊಸ ಕ್ರಮದಲ್ಲಿ ಅದೇ ಭಾಗ ಬೇರೆ ರೀತಿಯಲ್ಲಿ ಬರೆಯಲ್ಪಡುತ್ತದೆ: ‘ಒಂದು ಕೋಣೆಯ ಅಳತೆ ಮತ್ತು ಅದರ ಮೇಲೆ ಬೀಳುವ ಭಾರವನ್ನು ಕೊಟ್ಟಾಗ, ವಿದ್ಯಾರ್ಥಿಯು ಸೂಕ್ತವಾದ ತೊಲೆಯನ್ನು ಆಯ್ದು, ಸುರಕ್ಷತೆ ಮತ್ತು ವೆಚ್ಚದ ದೃಷ್ಟಿಯಿಂದ ಆ ಆಯ್ಕೆಯನ್ನು ಸಮರ್ಥಿಸಬಲ್ಲನು.’ ವಾಕ್ಯ ಬದಲಾದೊಡನೆ ಉಳಿದುದೂ ಬದಲಾಗಲೇಬೇಕಾಗುತ್ತದೆ. ಆಯ್ಕೆಯನ್ನು ಸಮರ್ಥಿಸುವುದನ್ನು ಕಲಿಯಬೇಕಾದರೆ ತರಗತಿಯಲ್ಲಿ ಆಯ್ಕೆ ಮಾಡುವ, ವಾದಿಸುವ ಅವಕಾಶವಿರಬೇಕು. ಪರೀಕ್ಷೆಯಲ್ಲಿಯೂ ಒಂದೇ ಸರಿಯುತ್ತರವಿಲ್ಲದ ಪ್ರಶ್ನೆ ಬರಬೇಕು.

ಕಲಿಕೆಯ ಗುರಿ, ತರಗತಿಯ ಚಟುವಟಿಕೆ, ಪರೀಕ್ಷೆ ಈ ಮೂರೂ ಒಂದೇ ಶ್ರುತಿಯಲ್ಲಿರಬೇಕೆಂಬ ಈ ತತ್ವವನ್ನು ಶಿಕ್ಷಣತಜ್ಞ ಜಾನ್ ಬಿಗ್ಸ್ 1990ರ ದಶಕದಲ್ಲಿ ಸ್ಪಷ್ಟವಾಗಿ ಪ್ರತಿಪಾದಿಸಿದರು. ಮೂರರಲ್ಲಿ ಯಾವುದು ಬೇಸುರಾದರೂ ವಿದ್ಯಾರ್ಥಿ ಹಿಂಬಾಲಿಸುವುದು ಪರೀಕ್ಷೆಯನ್ನೇ. ಗುರಿಯನ್ನು ಎಷ್ಟೇ ಉದಾತ್ತವಾಗಿ ಬರೆದರೂ ಪ್ರಶ್ನೆಪತ್ರಿಕೆ ಕಂಠಪಾಠವನ್ನು ಬಯಸಿದರೆ ನಡೆಯುವುದು ಕಂಠಪಾಠವೇ.

ಹಾರ್ವರ್ಡ್ ತರಗತಿಯಲ್ಲಿ ಬಯಲಾದ ಸತ್ಯ

ಉತ್ತಮ ಉಪನ್ಯಾಸ ಕೇಳಿದರೆ ಕಲಿಕೆ ತಾನಾಗಿಯೇ ಆಗುತ್ತದೆಯೆಂಬ ನಂಬಿಕೆಗೆ ಪೆಟ್ಟು ಬಿದ್ದದ್ದು ಭೌತವಿಜ್ಞಾನದ ತರಗತಿಗಳಲ್ಲಿ. ಅಮೆರಿಕದ ಅರಿಜೋನಾದ ಡೇವಿಡ್ ಹೆಸ್ಟೆನೆಸ್ ಮತ್ತು ಸಂಗಡಿಗರು ನ್ಯೂಟನ್ನನ ನಿಯಮಗಳ ಬಗೆಗಿನ ತಿಳಿವಳಿಕೆಯನ್ನು ಅಳೆಯಲು ಲೆಕ್ಕಗಳೇ ಇಲ್ಲದ ಸರಳ ಪ್ರಶ್ನೆಗಳ ಒಂದು ಪರೀಕ್ಷೆಯನ್ನು ರೂಪಿಸಿ 1992ರಲ್ಲಿ ಪ್ರಕಟಿಸಿದರು. ಭಾರದ ಲಾರಿಯೂ ಹಗುರವಾದ ಕಾರೂ ಡಿಕ್ಕಿ ಹೊಡೆದರೆ ಯಾವುದರ ಮೇಲೆ ಹೆಚ್ಚು ಬಲ ಬೀಳುತ್ತದೆ ಎಂಬ ಬಗೆಯ ಪ್ರಶ್ನೆಗಳವು. ಎರಡರ ಮೇಲೂ ಸಮಾನ ಬಲವೆಂಬುದು ನ್ಯೂಟನ್ನನ ಮೂರನೇ ನಿಯಮ. ಆ ನಿಯಮವನ್ನು ನಿದ್ದೆಯಲ್ಲಿಯೂ ಒಪ್ಪಿಸಬಲ್ಲ ವಿದ್ಯಾರ್ಥಿಗಳು ಕೂಡ ‘ಕಾರಿನ ಮೇಲೆ ಹೆಚ್ಚು’ ಎಂದು ಉತ್ತರಿಸುತ್ತಿದ್ದರು.

ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಎರಿಕ್ ಮಜೂರ್ ಇಂತಹ ಪ್ರಶ್ನೆಗಳನ್ನು ತಮ್ಮ ವಿದ್ಯಾರ್ಥಿಗಳಿಗೆ ಕೊಟ್ಟಾಗ ಬಂದ ಫಲಿತಾಂಶ ಅವರನ್ನು ಬೆಚ್ಚಿಬೀಳಿಸಿತು. ಜಟಿಲ ಲೆಕ್ಕಗಳನ್ನು ಬಿಡಿಸಬಲ್ಲವರು ಮೂಲ ಪರಿಕಲ್ಪನೆಯಲ್ಲಿ ಎಡವುತ್ತಿದ್ದರು. ಅವರು ಕಲಿತದ್ದು ಸೂತ್ರಕ್ಕೆ ಅಂಕಿಗಳನ್ನು ತುಂಬುವ ಕೌಶಲವನ್ನು. 1990ರ ದಶಕದ ಆರಂಭದಲ್ಲಿ ಮಜೂರ್ ತಮ್ಮ ಪದ್ಧತಿಯನ್ನೇ ಬದಲಿಸಿದರು. ಕೆಲವು ನಿಮಿಷಗಳ ವಿವರಣೆಯ ನಂತರ ಒಂದು ಪರಿಕಲ್ಪನೆಯ ಪ್ರಶ್ನೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನೇ ಯೋಚಿಸಿ ಉತ್ತರ ಗುರುತಿಸುವುದು. ಅಭಿಪ್ರಾಯಗಳು ಹಂಚಿಹೋಗಿದ್ದರೆ ಪಕ್ಕದವರೊಡನೆ ಚರ್ಚೆ. ಬಳಿಕ ಮತ್ತೊಮ್ಮೆ ಉತ್ತರ. ಸಹಪಾಠಿ ಬೋಧನೆ ಎಂದು ಹೆಸರಾದ ಈ ಕ್ರಮಕ್ಕೆ ದುಬಾರಿ ಯಂತ್ರಗಳೇನೂ ಬೇಕಿಲ್ಲ. ಎ, ಬಿ, ಸಿ, ಡಿ ಎಂದು ಬರೆದ ನಾಲ್ಕು ರಟ್ಟಿನ ಚೀಟಿಗಳಿದ್ದರೂ ಸಾಕು.

ಇದರ ಪರಿಣಾಮದ ಬಗ್ಗೆ ಪುರಾವೆಗಳೂ ಸಾಕಷ್ಟಿವೆ. 1998ರಲ್ಲಿ ರಿಚರ್ಡ್ ಹೇಕ್ ಅವರು 62 ಕೋರ್ಸುಗಳ ಆರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಅಂಕಗಳನ್ನು ವಿಶ್ಲೇಷಿಸಿ, ವಿದ್ಯಾರ್ಥಿಗಳು ಸಕ್ರಿಯವಾಗಿ ಪಾಲ್ಗೊಳ್ಳುವ ತರಗತಿಗಳಲ್ಲಿ ಪರಿಕಲ್ಪನೆಯ ಗಳಿಕೆ ಸಾಂಪ್ರದಾಯಿಕ ತರಗತಿಗಳಿಗಿಂತ ಸುಮಾರು ಎರಡು ಪಟ್ಟು ಎಂದು ತೋರಿಸಿದರು. 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಎಂಜಿನಿಯರಿಂಗ್ ಹಾಗೂ ಗಣಿತದ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ, ಕೇವಲ ಉಪನ್ಯಾಸದ ತರಗತಿಗಳಲ್ಲಿ ಸರಾಸರಿ ಶೇಕಡ 33.8ರಷ್ಟು ವಿದ್ಯಾರ್ಥಿಗಳು ಅನುತ್ತೀರ್ಣರಾದರೆ, ಸಕ್ರಿಯ ಕಲಿಕೆಯ ತರಗತಿಗಳಲ್ಲಿ ಆ ಪ್ರಮಾಣ ಶೇಕಡ 21.8 ಎಂದು ಕಂಡುಬಂದಿತು.

ಹಾಗಿದ್ದರೂ ಈ ಪದ್ಧತಿ ಏಕೆ ಎಲ್ಲೆಡೆ ಹರಡಲಿಲ್ಲ? ಇದಕ್ಕೆ ಹಾರ್ವರ್ಡಿನಲ್ಲಿಯೇ ನಡೆದು 2019ರಲ್ಲಿ ಪ್ರಕಟವಾದ ಒಂದು ಪ್ರಯೋಗ ಒಂದು ಉತ್ತರ ನೀಡುತ್ತದೆ. ಸಕ್ರಿಯ ತರಗತಿಯ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರೂ, ತಾವು ಕಡಿಮೆ ಕಲಿತೆವೆಂದೇ ಅವರು ಭಾವಿಸಿದ್ದರು. ನಿರರ್ಗಳ ಉಪನ್ಯಾಸ ಕೇಳಿದವರಿಗೆ ಎಲ್ಲವೂ ತಿಳಿಯಿತೆಂಬ ಸಮಾಧಾನ ಹೆಚ್ಚಿತ್ತು. ತಾನೇ ತಡಕಾಡಿ ಕಲಿಯುವುದು ಶ್ರಮದ ಕೆಲಸ. ಆ ಶ್ರಮವನ್ನೇ ಅಸಮರ್ಥ ಬೋಧನೆಯೆಂದು ವಿದ್ಯಾರ್ಥಿಗಳು ತಪ್ಪಾಗಿ ಗ್ರಹಿಸುತ್ತಾರೆ. ಹೊಸ ವಿಧಾನಕ್ಕೆ ಕೈಹಾಕುವ ಉಪನ್ಯಾಸಕರಿಗೆ ‘ಸರ್ ಪಾಠವನ್ನೇ ಮಾಡುವುದಿಲ್ಲ’ ಎಂಬ ದೂರು ಎದುರಾಗುವುದು ಈ ಕಾರಣದಿಂದಲೇ.

ಮೂರು ಮಾದರಿಗಳು

ತರಗತಿಯನ್ನಷ್ಟೇ ಅಲ್ಲದೆ ಇಡೀ ಪಠ್ಯಕ್ರಮವನ್ನೇ ಬೇರೆಯಾಗಿ ಕಟ್ಟಿದ ಸಂಸ್ಥೆಗಳೂ ಇವೆ. ಡೆನ್ಮಾರ್ಕಿನ ಆಲ್ಬೋರ್ಗ್ ವಿಶ್ವವಿದ್ಯಾಲಯ 1974ರಲ್ಲಿ ಸ್ಥಾಪನೆಯಾದಂದಿನಿಂದಲೂ ಪ್ರಾಜೆಕ್ಟನ್ನೇ ಕಲಿಕೆಯ ಬೆನ್ನೆಲುಬಾಗಿಸಿಕೊಂಡಿದೆ. ಅಲ್ಲಿ ಸೆಮಿಸ್ಟರಿನ ಅರ್ಧದಷ್ಟು ಭಾಗ ತಂಡವಾಗಿ ಕೈಗೊಳ್ಳುವ ಒಂದು ಪ್ರಾಜೆಕ್ಟಿಗೆ ಮೀಸಲು. ಉಳಿದರ್ಧದ ಪಾಠಗಳು ಆ ಪ್ರಾಜೆಕ್ಟಿಗೆ ಪೂರಕವಾಗಿರುತ್ತವೆ. ಸಮಸ್ಯೆ ಮೊದಲು ಬರುತ್ತದೆ, ಅದನ್ನು ಬಿಡಿಸಲು ಬೇಕಾದ ಸಿದ್ಧಾಂತ ಅದರ ಹಿಂದೆಯೇ ಬರುತ್ತದೆ.

ಎರಡನೆಯದು ‘ಸಿಡಿಐಒ’ ಮಾದರಿ. 2000ದಲ್ಲಿ ಅಮೆರಿಕದ ಎಂಐಟಿ ಮತ್ತು ಸ್ವೀಡನ್ನಿನ ಚಾಲ್ಮರ್ಸ್, ಕೆಟಿಎಚ್, ಲಿಂಚೆಪಿಂಗ್ ಸಂಸ್ಥೆಗಳು ಸೇರಿ ಇದನ್ನು ಆರಂಭಿಸಿದವು. ಪರಿಕಲ್ಪಿಸು, ವಿನ್ಯಾಸಗೊಳಿಸು, ನಿರ್ಮಿಸು, ನಿರ್ವಹಿಸು ಎಂಬ ನಾಲ್ಕು ಹಂತಗಳ ಮೊದಲಕ್ಷರಗಳಿಂದ ಈ ಹೆಸರು ಬಂದಿದೆ. ಒಬ್ಬ ಎಂಜಿನಿಯರ್ ವೃತ್ತಿಯಲ್ಲಿ ಮಾಡುವುದನ್ನೇ ಕಲಿಕೆಯ ಹಂದರವಾಗಿಸಬೇಕು, ಮೊದಲ ವರ್ಷದಲ್ಲಿಯೇ ಏನನ್ನಾದರೂ ಕಟ್ಟಿ ನೋಡುವ ಅನುಭವ ದೊರೆಯಬೇಕು ಎಂಬುದು ಇದರ ಆಗ್ರಹ.

ಮೂರನೆಯದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಓಲಿನ್ ಕಾಲೇಜು. 1997ರಲ್ಲಿ ಸ್ಥಾಪನೆಯಾದ ಈ ಕಾಲೇಜು ತರಗತಿಗಳನ್ನು ಆರಂಭಿಸುವ ಮೊದಲು 30 ವಿದ್ಯಾರ್ಥಿಗಳನ್ನು ಒಂದು ವರ್ಷ ಪಾಲುದಾರರಾಗಿ ಕರೆತಂದು, ಪ್ರಾಧ್ಯಾಪಕರೊಡನೆ ಕೂಡಿಸಿ ಪಠ್ಯಕ್ರಮದ ಪ್ರಯೋಗ ನಡೆಸಿತು. 2002ರಲ್ಲಿ ಮೊದಲ ಪೂರ್ಣ ತಂಡ ಪ್ರವೇಶ ಪಡೆಯಿತು. ಅಲ್ಲಿ ಪ್ರತ್ಯೇಕ ವಿಭಾಗಗಳ ಗೋಡೆಗಳಿಲ್ಲ. ಕೊನೆಯ ವರ್ಷ ವಿದ್ಯಾರ್ಥಿಗಳು ಕಂಪೆನಿಗಳ ನೈಜ ಸಮಸ್ಯೆಗಳನ್ನು ಕೈಗೆತ್ತಿಕೊಳ್ಳುತ್ತಾರೆ.

ಇವುಗಳನ್ನು ಇದ್ದ ಹಾಗೆಯೇ ತಂದು ನಮ್ಮಲ್ಲಿ ನೆಡಲಾಗದು. ಓಲಿನ್ ಕೆಲವೇ ನೂರು ವಿದ್ಯಾರ್ಥಿಗಳ, ಹೇರಳ ದತ್ತಿನಿಧಿಯ ಕಾಲೇಜು. ಜೊತೆಗೆ ಎಚ್ಚರಿಕೆಯ ಮಾತೂ ಇದೆ. ಆರಂಭಿಕ ಹಂತದ ಕಲಿಯುವವರನ್ನು ಸಾಕಷ್ಟು ಮಾರ್ಗದರ್ಶನವಿಲ್ಲದೆ ಸಮಸ್ಯೆಯ ಮಡುವಿಗೆ ತಳ್ಳಿದರೆ ಕಲಿಕೆ ಕುಂಠಿತವಾಗುತ್ತದೆಯೆಂದು ಕಿರ್ಶ್ನರ್, ಸ್ವೆಲ್ಲರ್ ಮತ್ತು ಕ್ಲಾರ್ಕ್ 2006ರಲ್ಲಿ ವಾದಿಸಿದ್ದರು. ಪ್ರಾಜೆಕ್ಟ್ ಎಂದರೆ ಗಣಿತಕ್ಕೆ ರಜೆಯಲ್ಲ. ಉಷ್ಣಗತಿಶಾಸ್ತ್ರವನ್ನಾಗಲಿ ವಿದ್ಯುತ್ ಮಂಡಲಗಳನ್ನಾಗಲಿ ಕ್ರಮಬದ್ಧವಾಗಿ ಕಲಿಯದೆ ಯಂತ್ರ ಕಟ್ಟಲಾಗದು. ಸರಿಯಾದ ವಿವರಣೆ, ಕೈಕೆಲಸ ಮತ್ತು ತಿದ್ದುಪಡಿ ಇವುಗಳ ಹದವಾದ ಬೆರಕೆಯಲ್ಲಿ ಗುಟ್ಟಿದೆ.

ಕರ್ನಾಟಕದ ಹಾದಿ

1998ರಲ್ಲಿ ಬೆಳಗಾವಿಯನ್ನು ಕೇಂದ್ರವಾಗಿಸಿಕೊಂಡು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಗುವ ಮುನ್ನ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳು ಬೇರೆ ಬೇರೆ ವಿಶ್ವವಿದ್ಯಾಲಯಗಳಿಗೆ ಹಂಚಿಹೋಗಿದ್ದವು. ವಿಟಿಯು ಬಂದ ಮೇಲೆ ಪಠ್ಯಕ್ರಮದಲ್ಲಿ ಏಕರೂಪತೆ ಬಂದಿತು. ಆದರೆ ಏಕರೂಪತೆಗೂ ಒಂದು ಬೆಲೆಯಿದೆ. ಬೀದರಿನಿಂದ ಚಾಮರಾಜನಗರದವರೆಗೆ ಸಂಯೋಜಿತ ಕಾಲೇಜುಗಳೆಲ್ಲಕ್ಕೂ ಒಂದೇ ಪ್ರಶ್ನೆಪತ್ರಿಕೆ ಎಂದಾಗ, ಪಾಠ ಮಾಡುವವರೊಬ್ಬರು, ಪ್ರಶ್ನೆ ತೆಗೆಯುವವರು ಮತ್ತೊಬ್ಬರು, ಮೌಲ್ಯಮಾಪನ ಮಾಡುವವರು ಇನ್ನೊಬ್ಬರು ಎಂಬ ಸ್ಥಿತಿ ಉಂಟಾಗುತ್ತದೆ. ತರಗತಿಯಲ್ಲಿ ಹೊಸತನ್ನು ಮಾಡಲು ಬಯಸುವ ಉಪನ್ಯಾಸಕರ ಕೈ ಕಟ್ಟಿಹಾಕಿದಂತಾಗುತ್ತದೆ.

ಇದರ ನಡುವೆಯೂ ಪಠ್ಯಕ್ರಮದ ಚೌಕಟ್ಟು ಸಡಿಲವಾಗುತ್ತ ಬಂದಿರುವುದು ಗಮನಾರ್ಹ. 2015ರಲ್ಲಿ ವಿಟಿಯು ಆಯ್ಕೆಯಾಧಾರಿತ ಕ್ರೆಡಿಟ್ ಪದ್ಧತಿಯನ್ನು ತಂದಾಗ ನಾಲ್ಕು ವರ್ಷಗಳ ಪದವಿಗೆ 200 ಕ್ರೆಡಿಟ್‌ಗಳಿದ್ದವು. 2018ರ ಪಠ್ಯಕ್ರಮದಲ್ಲಿ ಅದು 175ಕ್ಕೆ, 2021ರ ಪಠ್ಯಕ್ರಮದಲ್ಲಿ 160ಕ್ಕೆ ಇಳಿಯಿತು. ಎಐಸಿಟಿಇ 2018ರಲ್ಲಿ ಪ್ರಕಟಿಸಿದ ಮಾದರಿ ಪಠ್ಯಕ್ರಮದ ಮಿತಿಯೂ 160. ಹೊರೆ ಇಳಿಸಿದ್ದರ ಉದ್ದೇಶ, ವಿದ್ಯಾರ್ಥಿಗೆ ಯೋಚಿಸಲು ಮತ್ತು ಕೈಯಾರೆ ಮಾಡಲು ಬಿಡುವು ಸಿಗಲೆಂಬುದು.

ಅಂಕಗಳ ಹಂಚಿಕೆಯಲ್ಲಿಯೂ ಇದೇ ದಿಕ್ಕು ಕಾಣುತ್ತದೆ. ಸಿದ್ಧಾಂತದ ವಿಷಯಗಳಲ್ಲಿ 2015ರ ಪದ್ಧತಿಯಂತೆ ನೂರಕ್ಕೆ 20 ಅಂಕ ಕಾಲೇಜಿನ ಆಂತರಿಕ ಮೌಲ್ಯಮಾಪನಕ್ಕೆ ಮೀಸಲಾಗಿತ್ತು. 2018ರಲ್ಲಿ ಅದು 40 ಆಯಿತು, 2021ರಲ್ಲಿ 50. ಅಂದರೆ ವಿದ್ಯಾರ್ಥಿಯ ಅರ್ಧ ಭವಿಷ್ಯ ಈಗ ಪಾಠ ಮಾಡುವ ಉಪನ್ಯಾಸಕರ ಕೈಯಲ್ಲಿಯೇ ಇದೆ. ಪ್ರಶ್ನೆಪತ್ರಿಕೆಯ ನೆಪ ಹೇಳುವ ಕಾಲ ಅರ್ಧದಷ್ಟಾದರೂ ಮುಗಿದಿದೆ. ಇದಲ್ಲದೆ, 2017ರಲ್ಲಿ ಎಐಸಿಟಿಇ ರೂಪಿಸಿದ ಮೂರು ವಾರಗಳ ಪ್ರವೇಶ ಕಾರ್ಯಕ್ರಮ, ಸಮುದಾಯದ ಕೆಲಸಗಳಿಗಾಗಿ ಗಳಿಸಬೇಕಾದ 100 ಚಟುವಟಿಕೆ ಅಂಕಗಳು, ಮೊದಲ ವರ್ಷದಲ್ಲಿ ನಾವೀನ್ಯ ಮತ್ತು ವಿನ್ಯಾಸ ಚಿಂತನೆಯ ಪಾಠ ಇವೂ ಸೇರ್ಪಡೆಯಾಗಿವೆ.

ಸ್ವಂತ ಪ್ರಯತ್ನದಿಂದ ಮುಂದೆ ಹೋದ ಉದಾಹರಣೆಯೂ ರಾಜ್ಯದಲ್ಲಿಯೇ ಇದೆ. ಹುಬ್ಬಳ್ಳಿಯಲ್ಲಿ 1947ರಲ್ಲಿ ಆರಂಭವಾದ ಬಿ.ವಿ. ಭೂಮರಡ್ಡಿ ಕಾಲೇಜು ಮುಂದೆ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿ ಬೆಳೆಯಿತು. ಅಲ್ಲಿ ಎಂಜಿನಿಯರಿಂಗ್ ಶಿಕ್ಷಣದ ಸಂಶೋಧನೆಗೆಂದೇ ಒಂದು ಕೇಂದ್ರವಿದೆ. ಮೊದಲ ವರ್ಷದಲ್ಲಿಯೇ ಬೇರೆ ಬೇರೆ ಶಾಖೆಗಳ ವಿದ್ಯಾರ್ಥಿಗಳು ತಂಡ ಕಟ್ಟಿಕೊಂಡು, ಒಂದು ಅಗತ್ಯವನ್ನು ಗುರುತಿಸಿ, ಅದಕ್ಕೆ ಮಾದರಿ ಯಂತ್ರವನ್ನು ರೂಪಿಸುವ ‘ಎಂಜಿನಿಯರಿಂಗ್ ಎಕ್ಸ್‌ಪ್ಲೊರೇಷನ್’ ಎಂಬ ಕೋರ್ಸ್ ಅಲ್ಲಿ ನಡೆಯುತ್ತಿದೆ.

ನೈಜ ಸಮಸ್ಯೆಯಿಂದ ಎಂಜಿನಿಯರಿಂಗ್ ಕಲಿಯಬೇಕೆಂಬ ಆಲೋಚನೆ ಕನ್ನಡನಾಡಿಗೆ ಹೊಸದೇನೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ತಂಡ, ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ಬೀಡುಬಿಟ್ಟು ಅಡುಗೆ ಒಲೆ, ಜೈವಿಕ ಅನಿಲ, ಮಣ್ಣಿನ ಇಟ್ಟಿಗೆಗಳ ಮೇಲೆ ಕೆಲಸ ಮಾಡಿತು. ‘ಅಸ್ತ್ರ ಒಲೆ’ ರಾಜ್ಯದ ಅನೇಕ ಅಡುಗೆಮನೆಗಳನ್ನು ಮುಟ್ಟಿತು. ಕಡಿಮೆ ಸೌದೆ, ಕಡಿಮೆ ಹೊಗೆ, ಮನೆಯಾಕೆಯ ರೂಢಿಗೆ ಒಗ್ಗುವ ಅಳತೆ ಎಂಬ ಷರತ್ತುಗಳನ್ನು ಏಕಕಾಲಕ್ಕೆ ಪೂರೈಸುವುದು ಯಾವ ಪ್ರಶ್ನೆಪತ್ರಿಕೆಗಿಂತಲೂ ಕಠಿಣವಾದ ಪರೀಕ್ಷೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ನಾಲ್ಕು ದಶಕಗಳಿಗೂ ಹೆಚ್ಚು ಕಾಲದಿಂದ ಸಣ್ಣ ಪ್ರಮಾಣದ ಧನಸಹಾಯ ನೀಡುತ್ತ ಬಂದಿರುವುದೂ ಇದೇ ಪರಂಪರೆಯ ಮುಂದುವರಿಕೆ.

ಕಾಗದದ ಹೊರೆ

ಇಷ್ಟೆಲ್ಲ ಆದ ಮೇಲೂ ಅತೃಪ್ತಿ ಉಳಿದಿರುವುದೇಕೆ? ಉಪನ್ಯಾಸಕರ ಕೊಠಡಿಗಳಲ್ಲಿ ಇಂದು ಅತಿ ಹೆಚ್ಚು ಕೇಳಿಬರುವ ಪದಗಳು ‘ಸಿಒ’ ಮತ್ತು ‘ಪಿಒ’. ಪ್ರತಿ ವಿಷಯದ ಕಲಿಕಾ ಗುರಿಗಳನ್ನು ಪದವೀಧರನಲ್ಲಿ ನಿರೀಕ್ಷಿಸುವ ಸಾಮರ್ಥ್ಯಗಳೊಡನೆ ಕೋಷ್ಟಕದಲ್ಲಿ ಹೊಂದಿಸಿ, ಒಂದು, ಎರಡು, ಮೂರು ಎಂಬ ಅಂಕಿ ಕೊಟ್ಟು, ಸೆಮಿಸ್ಟರಿನ ಕೊನೆಗೆ ಸಾಧನೆಯ ಪ್ರಮಾಣವನ್ನು ಲೆಕ್ಕಹಾಕಬೇಕು. ಉದ್ದೇಶ ಒಳ್ಳೆಯದು: ಎಲ್ಲಿ ಕೊರತೆಯಿದೆಯೆಂದು ತಿಳಿದು ಮುಂದಿನ ವರ್ಷ ತಿದ್ದಿಕೊಳ್ಳಲಿ ಎಂದು. ಆದರೆ ಹಲವೆಡೆ ಹಳೆಯ ಪ್ರಶ್ನೆಗಳ ಪಕ್ಕದಲ್ಲಿಯೇ ಹೊಸ ಸಂಕೇತಗಳನ್ನು ನಮೂದಿಸುವುದರಲ್ಲಿ ಸುಧಾರಣೆ ಮುಗಿದುಹೋಗುತ್ತದೆ. ‘ವಿವರಿಸಿ’ ಎಂಬ ಪ್ರಶ್ನೆಗೆ ‘ವಿಶ್ಲೇಷಣೆ’ಯ ಮಟ್ಟವೆಂದು ಗುರುತು ಹಾಕಿದ ಮಾತ್ರಕ್ಕೆ ವಿದ್ಯಾರ್ಥಿ ವಿಶ್ಲೇಷಣೆ ಕಲಿಯುವುದಿಲ್ಲ.

ಪ್ರಯೋಗಾಲಯದ ಸ್ಥಿತಿಯೂ ಭಿನ್ನವಲ್ಲ. ಹಿರಿಯ ವಿದ್ಯಾರ್ಥಿಯ ರೆಕಾರ್ಡ್ ಪುಸ್ತಕವನ್ನು ನೋಡಿ ನಕಲು ಮಾಡುವುದು, ಬರಬೇಕಾದ ಉತ್ತರವನ್ನು ಮೊದಲೇ ತಿಳಿದುಕೊಂಡು ಅದಕ್ಕೆ ತಕ್ಕಂತೆ ಅಳತೆಗಳನ್ನು ಬರೆಯುವುದು ಎಂಜಿನಿಯರಿಂಗ್ ಓದಿದ ಯಾರಿಗೂ ಅಪರಿಚಿತವಲ್ಲ. ಅಂತಿಮ ವರ್ಷದ ಪ್ರಾಜೆಕ್ಟನ್ನು ಹಣ ಕೊಟ್ಟು ಸಿದ್ಧವಾಗಿ ಕೊಳ್ಳುವ ಪರಿಪಾಠವೂ ನಗರಗಳಲ್ಲಿ ಗುಟ್ಟಾಗಿ ಉಳಿದಿಲ್ಲ. ನಾಲ್ವರ ತಂಡದಲ್ಲಿ ಒಬ್ಬ ದುಡಿದು ಮೂವರು ಅಂಕ ಪಡೆಯುವುದು ಮತ್ತೊಂದು ರೋಗ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ನಂತರ ವರದಿಯನ್ನೂ ಪ್ರೋಗ್ರಾಮನ್ನೂ ಯಂತ್ರದಿಂದಲೇ ಬರೆಸಿಕೊಳ್ಳುವುದು ಸುಲಭವಾಗಿದೆ. ಹೀಗಿರುವಾಗ ಬರೆದು ತಂದ ವರದಿಗೆ ಅಂಕ ಕೊಡುವ ಕ್ರಮವೇ ಅರ್ಥ ಕಳೆದುಕೊಳ್ಳುತ್ತದೆ. ಪ್ರತಿ ವಿದ್ಯಾರ್ಥಿಯನ್ನೂ ಎದುರು ಕೂಡಿಸಿಕೊಂಡು, ‘ಈ ಭಾಗವನ್ನೇ ಏಕೆ ಆರಿಸಿದೆ, ಇದು ಕೆಟ್ಟರೆ ಏನು ಮಾಡುವೆ’ ಎಂದು ಕೇಳುವ ಮೌಖಿಕ ಪರೀಕ್ಷೆಗೆ ಹಿಂದೆಂದಿಗಿಂತ ಹೆಚ್ಚು ಬೆಲೆ ಬಂದಿದೆ.

ಅದಕ್ಕೆ ಬೇಕಾದುದು ಉಪನ್ಯಾಸಕರ ಸಮಯ. 2018ರಲ್ಲಿ ಎಐಸಿಟಿಇ ಶಿಕ್ಷಕ-ವಿದ್ಯಾರ್ಥಿ ಅನುಪಾತವನ್ನು 1:15ರಿಂದ 1:20ಕ್ಕೆ ಸಡಿಲಿಸಿದಾಗ ಕಾಲೇಜುಗಳ ವೆಚ್ಚ ತಗ್ಗಿತು. ಪ್ರತಿ ವಿದ್ಯಾರ್ಥಿಗೆ ದೊರೆಯುವ ಗಮನವೂ ತಗ್ಗಿತು. ಇನ್ನೊಂದು ವೈಚಿತ್ರ್ಯವೆಂದರೆ, ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಲು ಡಿ.ಇಡಿ., ಪ್ರೌಢಶಾಲೆಯಲ್ಲಿ ಹೇಳಲು ಬಿ.ಇಡಿ. ಬೇಕು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಂ.ಟೆಕ್. ಮುಗಿಸಿದ ಮರುದಿನವೇ ಬೋಧನೆಯ ಯಾವ ತರಬೇತಿಯೂ ಇಲ್ಲದೆ ಅರುವತ್ತು ಮಂದಿಯ ಮುಂದೆ ನಿಲ್ಲುವುದೇ ರೂಢಿಯಾಗಿತ್ತು. ಈ ಕೊರತೆಯನ್ನು ತುಂಬಲು ಎಐಸಿಟಿಇ ಎಂಟು ಭಾಗಗಳ ತರಬೇತಿ ಕಾರ್ಯಕ್ರಮವನ್ನು ರೂಪಿಸಿದೆ. ತರಬೇತಿಯ ಪ್ರಮಾಣಪತ್ರ ಪಡೆದವರಿಗೆ ತರಗತಿಯಲ್ಲಿ ಪ್ರಯೋಗ ಮಾಡುವ ಸ್ವಾತಂತ್ರ್ಯವನ್ನೂ ಕೊಟ್ಟರೆ ಮಾತ್ರ ಅದಕ್ಕೆ ಸಾರ್ಥಕ್ಯ.

ಭಾಷೆಯ ತೊಡಕು, ಚರ್ಚೆಯ ಉಪಾಯ

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿ ಮೊದಲ ಸೆಮಿಸ್ಟರಿನಲ್ಲಿ ಸೋಲುವುದು ಅನೇಕ ವೇಳೆ ಗಣಿತದಿಂದಲ್ಲ, ಇಂಗ್ಲಿಷಿನಿಂದ. 2021ರಲ್ಲಿ ಎಐಸಿಟಿಇ ಪ್ರಾದೇಶಿಕ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅನುಮತಿ ನೀಡಿ, ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಪಠ್ಯಪುಸ್ತಕಗಳನ್ನು ಹೊರತಂದಿತು. ಆದರೆ ರಾಜ್ಯದಲ್ಲಿ ಕನ್ನಡ ಮಾಧ್ಯಮದ ಸೀಟುಗಳಿಗೆ ವಿದ್ಯಾರ್ಥಿಗಳಿಂದ ಬಂದ ಸ್ಪಂದನ ತೀರ ಕಡಿಮೆ. ಉದ್ಯೋಗದ ಭಾಷೆ ಇಂಗ್ಲಿಷ್ ಆಗಿರುವಾಗ ಇಡೀ ಪದವಿಯನ್ನು ಕನ್ನಡದಲ್ಲಿ ಪಡೆಯಲು ಪೋಷಕರು ಹಿಂಜರಿಯುವುದು ಸಹಜ.

ಇಲ್ಲಿ ಸಕ್ರಿಯ ಕಲಿಕೆ ಒಂದು ನಡುದಾರಿಯನ್ನು ತೋರುತ್ತದೆ. ಪಠ್ಯ ಮತ್ತು ಪರೀಕ್ಷೆ ಇಂಗ್ಲಿಷಿನಲ್ಲಿಯೇ ಇರಲಿ. ಪಕ್ಕದವನೊಡನೆ ನಡೆಸುವ ಮೂರು ನಿಮಿಷದ ಚರ್ಚೆ ಕನ್ನಡದಲ್ಲಿ ನಡೆಯಬಾರದೇಕೆ? ಲಾರಿ-ಕಾರುಗಳ ಡಿಕ್ಕಿಯ ಬಗ್ಗೆ ಮಾತೃಭಾಷೆಯಲ್ಲಿ ವಾದಿಸಿ ಪರಿಕಲ್ಪನೆ ತಿಳಿಯಾದ ಮೇಲೆ ಅದನ್ನು ಇಂಗ್ಲಿಷಿನಲ್ಲಿ ಬರೆಯುವುದು ಸುಲಭ. ತಿಳಿಯದ್ದನ್ನು ತಿಳಿಯದ ಭಾಷೆಯಲ್ಲಿ ಉರುಹೊಡೆಯುವುದಕ್ಕಿಂತ ಇದು ಮೇಲು. ಇದಕ್ಕೆ ಯಾವ ಸುತ್ತೋಲೆಯೂ ಬೇಕಿಲ್ಲ, ಉಪನ್ಯಾಸಕರ ಸಮ್ಮತಿಯೊಂದೇ ಸಾಕು.

ಕೇಳಬೇಕಾದ ಪ್ರಶ್ನೆಗಳು

ಕಾಲೇಜು ಆಯ್ಕೆಯ ಹೊತ್ತಿನಲ್ಲಿ ಪೋಷಕರೂ ವಿದ್ಯಾರ್ಥಿಗಳೂ ಕಟ್ಟಡದ ಗಾಜಿನ ಹೊಳಪನ್ನು ಮೀರಿ ಕೆಲವು ವಿಷಯಗಳನ್ನು ವಿಚಾರಿಸಬಹುದು. ಮೊದಲ ವರ್ಷದಲ್ಲಿಯೇ ಏನನ್ನಾದರೂ ಕಟ್ಟುವ ಅವಕಾಶವಿದೆಯೇ? ಪ್ರಾಜೆಕ್ಟಿನಲ್ಲಿ ತಂಡದ ಪ್ರತಿಯೊಬ್ಬನ ಕೆಲಸವನ್ನು ಪ್ರತ್ಯೇಕವಾಗಿ ಪರೀಕ್ಷಿಸುತ್ತಾರೆಯೇ? ಆಂತರಿಕ ಪರೀಕ್ಷೆಯ ಹಿಂದಿನ ವರ್ಷದ ಒಂದು ಪ್ರಶ್ನೆಪತ್ರಿಕೆಯನ್ನು ತೋರಿಸುವರೇ? ಪ್ರಯೋಗಾಲಯ ಸಂಜೆಯ ಹೊತ್ತಿನಲ್ಲಿಯೂ ವಿದ್ಯಾರ್ಥಿಗಳಿಗೆ ತೆರೆದಿರುತ್ತದೆಯೇ? ಅನುಭವಿ ಪ್ರಾಧ್ಯಾಪಕರು ಮೊದಲ ವರ್ಷದವರಿಗೂ ಪಾಠ ಮಾಡುತ್ತಾರೆಯೇ? ಈ ಪ್ರಶ್ನೆಗಳಿಗೆ ಅಲ್ಲಿ ಓದುತ್ತಿರುವ ಹಿರಿಯ ವಿದ್ಯಾರ್ಥಿಗಳಿಂದ ದೊರೆಯುವ ಉತ್ತರ ಯಾವ ಜಾಹೀರಾತಿಗಿಂತಲೂ ಸತ್ಯಕ್ಕೆ ಹತ್ತಿರವಾಗಿರುತ್ತದೆ.

ಪಠ್ಯಕ್ರಮದ ಪುಸ್ತಕದಲ್ಲಿ ಏನೇ ಬರೆದಿರಲಿ, ವಿದ್ಯಾರ್ಥಿಯ ಪಾಲಿಗೆ ಪ್ರಶ್ನ್ನೆಪತ್ರಿಕೆಯೇ ನಿಜವಾದ ಪಠ್ಯಕ್ರಮ. ನೂರರಲ್ಲಿ ಐವತ್ತು ಅಂಕಗಳ ಪ್ರಶ್ನೆಗಳನ್ನು ಬರೆಯುವ ಅಧಿಕಾರ ಈಗ ಕಾಲೇಜುಗಳ ಕೈಸೇರಿದೆ. ಆ ಐವತ್ತು ಅಂಕಗಳಲ್ಲಿ ಹತ್ತನ್ನಾದರೂ ಕಂಠಪಾಠದಿಂದ ಉತ್ತರಿಸಲಾಗದ ಪ್ರಶ್ನೆಗಳಿಗೆ ಮೀಸಲಿಟ್ಟರೆ, ಮರುವಾರದಿಂದಲೇ ತರಗತಿಯ ಮಾತುಕತೆ ಬದಲಾಗುತ್ತದೆ. ತಾಂತ್ರಿಕ ಶಿಕ್ಷಣದ ಸುಧಾರಣೆಗೆ ಇದಕ್ಕಿಂತ ಅಗ್ಗದ ಆರಂಭ ಬೇರೊಂದಿಲ್ಲ.